ಕಡತಕ್ಕೊಂದು ಕಾರ್ಯಕ್ರಮ

ಶಿಕಾರಿಪುರ ಸೀಮೆಯ ಒಂದು ಊರು. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರ ಮನೆಯ ಜಗುಲಿ. ಊಟ ಮುಗಿದು ಎಲೆಯಡಿಕೆಯ ಹೊತ್ತು. ಅದೇ ಕಾಲೇಜಿನಲ್ಲಿ ಈಗ ಅತಿಥಿ ಉಪನ್ಯಾಸಕಿಯಾಗಿರುವ ಹಳೆಯ ಶಿಷ್ಯೆ ಸ್ಕೂಟಿ ನಿಲ್ಲಿಸಿ, ಆಹ್ವಾನ ಪತ್ರಿಕೆಯ ಕರಡು ಹಿಡಿದು ಮೆಟ್ಟಿಲು ಹತ್ತಿದಳು. ಮುಂದಿನದು ಅವರಿಬ್ಬರ ಮಾತು.

ಶಿಷ್ಯೆ: ಇತಿಹಾಸ ಸಂಘದ ಉದ್ಘಾಟನೆ ಇಟ್ಕೊಂಡಿದ್ದೀವಿ ಸರ್. ನೀವೇ ಬಂದು ದೀಪ ಹಚ್ಚಬೇಕು. ಇಲ್ಲ ಅನ್ನಬಾರದು.

ಮೇಷ್ಟ್ರು: ಮೊದಲು ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ತರ್ತಾರೆ. ಎಲ್ಲಿ, ಕೊಡು ಆ ಕರಡು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮುಖ್ಯ ಅತಿಥಿಗಳ ನುಡಿ, ವಿಶೇಷ ಆಹ್ವಾನಿತರ ನುಡಿ, 'ನಮ್ಮ ಭವ್ಯ ಪರಂಪರೆ' ಕುರಿತು ವಿಶೇಷ ಉಪನ್ಯಾಸ, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಅಲ್ಲಮ್ಮಾ, ವೇದಿಕೆ ಮೇಲೆ ಎಷ್ಟು ಕುರ್ಚಿ ಹಾಕಿಸ್ತೀಯ?

ಶಿಷ್ಯೆ: ಒಂಬತ್ತು.

ಮೇಷ್ಟ್ರು: ಕೆಳಗೆ?

ಶಿಷ್ಯೆ: ಮೂರೂ ವರ್ಷದ ಬಿಎ ಮಕ್ಕಳು ಸೇರಿದ್ರೆ ಎಂಬತ್ತು. ಹಳ್ಳಿ ಕಡೆ ಬಸ್ಸು ಮೂರೂವರೆಗೆ ಹೊರಡುತ್ತೆ. ಅಲ್ಲೀವರೆಗೆ ನಲವತ್ತು ಜನ ಉಳಿದ್ರೆ ನನ್ನ ಪುಣ್ಯ.

ಮೇಷ್ಟ್ರು: ವಿಶೇಷ ಉಪನ್ಯಾಸದ ಸರದಿ ಬರೋದೂ ಮೂರೂವರೆಗೇ ಇರಬೇಕು.

ಶಿಷ್ಯೆ: ನಗ್ಬೇಡಿ ಸರ್. ನನ್ನ ಕಷ್ಟ ನನಗೆ. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರೋದಿದೆ. ವಿಭಾಗದಿಂದ ಇಷ್ಟು ಉಪನ್ಯಾಸ, ಇಷ್ಟು ಚಿತ್ರ ಪ್ರದರ್ಶನ, ಇಷ್ಟು ಸ್ಥಳ ಭೇಟಿ ಅಂತ ತೋರಿಸಬೇಕು. ಅಕ್ಷಾಂಶ ರೇಖಾಂಶ ಬೀಳೋ ಆ್ಯಪ್‌ನಲ್ಲೇ ಫೋಟೊ ತೆಗೀಬೇಕು. ಹಾಜರಿ ಸಹಿ, ಎರಡು ಪುಟ ವರದಿ, ಪತ್ರಿಕೆಯಲ್ಲಿ ಬಂದಿದ್ರೆ ಅದರ ತುಣುಕು. ಕಡತ ಚೆನ್ನಾಗಿದ್ರೆ ಕಾರ್ಯಕ್ರಮ ಚೆನ್ನಾಗಿತ್ತು ಅಂತ ಲೆಕ್ಕ.

ಮೇಷ್ಟ್ರು: ಕಡತ ಅಂದ್ಯಲ್ಲ, ಆ ಪದ ಎಲ್ಲಿಂದ ಬಂತು ಗೊತ್ತಾ?

ಶಿಷ್ಯೆ: ಫೈಲ್‌ಗೆ ಕನ್ನಡ, ಅಷ್ಟೇ ಅಲ್ವಾ?

ಮೇಷ್ಟ್ರು: ಫೈಲ್ ಬರೋಕೆ ಎಷ್ಟೋ ಮೊದಲೇ ಕಡತ ಇತ್ತು. ಬಟ್ಟೆ ಪುಸ್ತಕ ಅದು. ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಕಲಸಿ ಬಳೀತಿದ್ರು. ಒಣಗಿದ ಮೇಲೆ ಗಟ್ಟಿಯಾಗಿ ಕರೀ ಹಲಗೆ ಥರ ಆಗೋದು. ಅದರ ಮೇಲೆ ಬಳಪದಲ್ಲಿ ಬರೆಯೋದು, ಬೇಡವಾದಾಗ ಒರೆಸೋದು. ಶಾನುಭೋಗರ ಲೆಕ್ಕ, ಅಂಗಡಿ ಲೆಕ್ಕ, ಮಠದ ಲೆಕ್ಕ ಎಲ್ಲಾ ಅದರಲ್ಲೇ. ಶೃಂಗೇರಿ ಮಠದಲ್ಲಿ ರಾಶಿ ಕಡತಗಳಿವೆ. 1810ರಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದನ್ನ ನೋಡಿ ಆಶ್ಚರ್ಯಪಟ್ಟು ಅಳತೆ ಸಮೇತ ಬರೆದಿಟ್ಟಿದ್ದಾನೆ. ಒಂದಡಿಗಿಂತ ಕಮ್ಮಿ ಅಗಲ, 12ರಿಂದ 18 ಅಡಿ ಉದ್ದ.

ಶಿಷ್ಯೆ: ಪಠ್ಯದಲ್ಲಿ 'ಆಕರಗಳು' ಅನ್ನೋ ಅಧ್ಯಾಯದಲ್ಲಿ ಒಂದು ಸಾಲು ಇದೆ ಸರ್. ಕಣ್ಣಾರೆ ನೋಡಿಲ್ಲ.

ಮೇಷ್ಟ್ರು: ನಾನೂ ನೋಡಿರಲಿಲ್ಲ. ಹತ್ತು ವರ್ಷ ಮಕ್ಕಳಿಗೆ ಆ ಒಂದು ಸಾಲು ಬರೆಸಿದ್ದೆ, ಅಷ್ಟೆ. ಒಂದು ಸಲ ವಿಶೇಷ ಉಪನ್ಯಾಸಕ್ಕೆ ಬರಬೇಕಿದ್ದೋರು ಬಸ್ಸು ಕೆಟ್ಟು ಬರಲಿಲ್ಲ. ಸಭಾಂಗಣದಲ್ಲಿ ಹುಡುಗರು ತುಂಬಿದ್ದಾರೆ, ನನಗೆ ಮಾತಾಡೋಕೆ ಏನೂ ಹೊಳೀತಿಲ್ಲ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. "ಸರ್, ನಮ್ಮಜ್ಜನ ಕಾಲದ್ದು ಒಂದು ಕಪ್ಪು ಬಟ್ಟೆ ಅಟ್ಟದಲ್ಲಿತ್ತು. ಅದೇ ಕಡತಾನಾ ಅಂತ ನೋಡಿ" ಅಂತ ಚೀಲದಿಂದ ತೆಗೆದ. ತೋರಿಸೋದೋ ಬೇಡವೋ ಅಂತ ಯೋಚಿಸ್ತಾ ಎರಡು ದಿನದಿಂದ ಚೀಲದಲ್ಲೇ ಇಟ್ಕೊಂಡಿದ್ದನಂತೆ. ಎರಡು ಮರದ ರಟ್ಟು, ನಡುವೆ ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆ. ಬಿಚ್ಚಿದ್ರೆ ನಾಲ್ಕು ಡೆಸ್ಕಿಗೆ ಹಾಸಿಕೊಳ್ತು. ಅಡಿಕೆ, ಮೆಣಸು, ಉಪ್ಪು. ಕೊಳಗ, ಹಣ, ವೀಸ. ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಳೇ ಕೈಬರಹ. ಎಲ್ಲರೂ ಮುಗಿಬಿದ್ರು. ಒಬ್ಬಳು ಬೆರಳಿಟ್ಟು ಒಂದು ಸಾಲು ಓದ್ತಾ ಹೋದಳು. ಕೈ ಬೆವೆತಿತ್ತು. ಬೆರಳು ಎತ್ತಿದಾಗ ಒಂದು ಅಂಕಿ ಹೋಗಿಬಿಟ್ಟಿತ್ತು.

ಶಿಷ್ಯೆ: ಅಯ್ಯೋ!

ಮೇಷ್ಟ್ರು: ಇಡೀ ಸಭಾಂಗಣ ಹಾಗೇ ಅಂತು. ಆ ಅಂಕಿ ಎಷ್ಟಿತ್ತು ಅಂತ ಯಾರೂ ಓದಿರಲಿಲ್ಲ. ಮೆಣಸು ಎಷ್ಟು ಕೊಳಗ ಅಂತ ಇನ್ನು ಯಾರಿಗೂ ತಿಳಿಯೋದಿಲ್ಲ. ಆಕರ ಅಂದ್ರೇನು, ಅದನ್ನ ಯಾಕೆ ಜೋಪಾನ ಮಾಡಬೇಕು ಅಂತ ನಾನು ಹತ್ತು ವರ್ಷ ಹೇಳಿದ್ದು ಒಂದು ತಟ್ಟೆಯಲ್ಲಿಡು, ಆ ಬೆವರು ಬೆರಳು ಹೇಳಿದ್ದು ಇನ್ನೊಂದರಲ್ಲಿಡು.

ಶಿಷ್ಯೆ: ಅದು ಯಾವ ವರ್ಷ ಸರ್?

ಮೇಷ್ಟ್ರು: ಎಂಬತ್ತೊಂಬತ್ತೋ, ತೊಂಬತ್ತೋ.

ಶಿಷ್ಯೆ: ಆ ಹುಡುಗನ ಹೆಸರು?

ಮೇಷ್ಟ್ರು: ಮುಖ ಕಣ್ಮುಂದೆ ಇದೆ. ಹೆಸರು... ಇಲ್ಲ, ನೆನಪಾಗ್ತಿಲ್ಲ.

ಶಿಷ್ಯೆ: ಕಡತ ಈಗೆಲ್ಲಿದೆ?

ಮೇಷ್ಟ್ರು: ಅವನು ವಾಪಸ್ ತಗೊಂಡು ಹೋದ.

ಶಿಷ್ಯೆ: ಅದರಲ್ಲಿದ್ದಿದ್ದನ್ನ ಬರ್ಕೊಂಡ್ರಾ? ಆ ದಿನದ ವರದಿ ಇದೆಯಾ?

ಮೇಷ್ಟ್ರು: ಉಪನ್ಯಾಸವೇ ಆಗಲಿಲ್ಲವಲ್ಲ, ಏನಂತ ವರದಿ ಬರೀಲಿ?

ಶಿಷ್ಯೆ: ನೀವು ಬೈದ್ರೂ ಪರವಾಗಿಲ್ಲ ಸರ್, ಒಂದು ಮಾತು ಹೇಳ್ತೀನಿ. ವಿಭಾಗದ ಬೀರುವನ್ನ ನಾನು ಪೂರ್ತಿ ಜಾಲಾಡಿದ್ದೀನಿ. ನಿಮ್ಮ ಮೂವತ್ತು ವರ್ಷದ್ದು ಅಂತ ಸಿಕ್ಕಿದ್ದು ಖರ್ಚಿನ ರಸೀತಿ, ಎರಡು ಆಹ್ವಾನ ಪತ್ರಿಕೆ, ಒಂದು ಗ್ರೂಪ್ ಫೋಟೊ. ಈಗ ನೀವು ಹೇಳದಿದ್ರೆ ಈ ಕಥೆ ನನಗೂ ಗೊತ್ತಾಗ್ತಿರಲಿಲ್ಲ. ಕಡತ ಅಂದ್ರೆ ನಮ್ಮ ಪ್ರೊಫೆಸರುಗಳೆಲ್ಲ ಮೂಗು ಮುರೀತಾರೆ. ಇತಿಹಾಸದ ಮೇಷ್ಟ್ರೇ ದಾಖಲೆ ಇಡಲ್ಲ ಅಂದ್ರೆ ಹೇಗೆ? ಆ ಹುಡುಗಿ ಒಂದು ಅಂಕಿ ಅಳಿಸಿದಳು, ನೀವು ಇಡೀ ದಿನಾನೇ ಅಳಿಸಿದ್ರಿ.

ಮೇಷ್ಟ್ರು: (ಸ್ವಲ್ಪ ಹೊತ್ತು ಬಿಟ್ಟು) ಬೈಯೋದೇನು ಬಂತು. ಸರಿಯಾಗೇ ಕೊಟ್ಟೆ. ಒಪ್ಪಿದೆ. ತಪ್ಪಿರೋದು ಕಡತ ಇಡೋದರಲ್ಲಲ್ಲ. ಹಾಗಾದ್ರೆ ಬಾ, ಕಡತದಲ್ಲಿ ಏನಿರಬೇಕು ಅಂತ ಇವತ್ತು ಇಬ್ಬರೂ ಕೂತು ತೀರ್ಮಾನ ಮಾಡೋಣ. ನಿನ್ನ ಹೋದ ವರ್ಷದ ವರದಿ ಇದೆಯಾ?

ಶಿಷ್ಯೆ: ಫೋನಿನಲ್ಲಿದೆ. ಓದ್ತೀನಿ. "ಗಣ್ಯರು ಸಸಿಗೆ ನೀರೆರೆಯುವ ಮೂಲಕ ಕಾರ್ಯಕ್ರಮವನ್ನು ಉದ್ಘಾಟಿಸಿದರು. ಸಂಪನ್ಮೂಲ ವ್ಯಕ್ತಿಗಳು ವಿದ್ಯಾರ್ಥಿಗಳನ್ನು ಕುರಿತು ಅರ್ಥಪೂರ್ಣವಾಗಿ ಮಾತನಾಡಿದರು. ಕಾರ್ಯಕ್ರಮವು ಅತ್ಯಂತ ಯಶಸ್ವಿಯಾಗಿ ಜರುಗಿತು."

ಮೇಷ್ಟ್ರು: ಏನು ಮಾತಾಡಿದ್ರು ಅಂತ ಒಂದಕ್ಷರ ಇಲ್ಲ. ನೂರು ವರ್ಷ ಆದ ಮೇಲೆ ಒಬ್ಬ ಇದನ್ನ ಓದಿದ್ರೆ, ಈ ಜನ ಸಸಿಗೆ ನೀರು ಹಾಕೋಕೇ ಸೇರ್ತಿದ್ರು ಅಂತ ಬರೀತಾನೆ.

ಶಿಷ್ಯೆ: ಮೂರು ದಿನ ಬಿಟ್ಟು ಆ ಸಸಿ ಒಣಗಿತು, ಅದೂ ವರದಿಯಲ್ಲಿಲ್ಲ.

ಮೇಷ್ಟ್ರು: ಮೊದಲು ಉಪನ್ಯಾಸದ ಮಾತು. 'ಭವ್ಯ ಪರಂಪರೆ' ಅನ್ನೋ ವಿಷಯ ತೆಗೆದುಹಾಕು. ಅದರ ಬಗ್ಗೆ ಮಾತಾಡಿದ್ರೆ ಚಪ್ಪಾಳೆ ಬೀಳುತ್ತೆ, ಕೈ ಮೇಲೇಳೋದಿಲ್ಲ. ವಿಷಯ ಪ್ರಶ್ನೆಯಾಗಿರಬೇಕು. ನಮ್ಮೂರಿಗೆ ಹತ್ತಿರ ತಾಳಗುಂದ ಇದೆ. ಕನ್ನಡದ ಮೊದಲ ಶಾಸನ ಯಾವುದು ಅಂದ್ರೆ ಮಕ್ಕಳು ಏನಂತಾರೆ?

ಶಿಷ್ಯೆ: ಹಲ್ಮಿಡಿ. ಕ್ರಿ.ಶ. 450. ಒಂದು ಅಂಕದ ಪ್ರಶ್ನೆ.

ಮೇಷ್ಟ್ರು: 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನ ಬೆಳಕಿಗೆ ತಂದ್ರು. ಅವರು ಮೈಸೂರಿನಲ್ಲಿ ಇತಿಹಾಸದ ಪ್ರೊಫೆಸರೂ ಹೌದು, ಪುರಾತತ್ವ ಇಲಾಖೆಯ ನಿರ್ದೇಶಕರೂ ಹೌದು. ಅಲ್ಲಿಂದೀಚೆಗೆ ಒಂದು ಅಂಕ ಭದ್ರವಾಗಿತ್ತು. 2013-14ರಲ್ಲಿ ತಾಳಗುಂದದ ಪ್ರಣವೇಶ್ವರ ಗುಡಿ ಹತ್ತಿರ ಅಗೆದಾಗ ಸಿಂಹಕಟಾಂಜನದ, ಅಂದ್ರೆ ಸಿಂಹ ಕೆತ್ತಿದ ಕಟಕಟೆ ಕಲ್ಲಿನ ಮೇಲೆ ಒಂದು ಪುಟ್ಟ ಶಾಸನ ಸಿಕ್ತು. ಪುರಾತತ್ವದವರು ಅದನ್ನ ಕ್ರಿ.ಶ. 370ರ ಸುಮಾರಿನದು ಅಂದ್ರು. ಈಗ ಒಂದು ಅಂಕ ಯಾರಿಗೆ? ಎರಡರಲ್ಲೂ ಇಸವಿ ಬರೆದಿಲ್ಲ. ಹಾಗಿದ್ದ ಮೇಲೆ 370 ಅನ್ನೋದು, 450 ಅನ್ನೋದು ಎಲ್ಲಿಂದ ಬಂತು? ಅಕ್ಷರದ ತಲೆಕಟ್ಟು ನೋಡಿ ಕಾಲ ಹೇಳೋದು ಹೇಗೆ? ಇದನ್ನ ಬಲ್ಲ ಒಬ್ಬ ಶಾಸನತಜ್ಞರನ್ನ ಕರಿ. ಮೈಕು ಕೊಡಬೇಡ, ಒಂದು ಕಲ್ಲು ಕೊಡು. ಕಾಲೇಜಿನ ಹಿಂದೆ ಕೆರೆ ಏರಿ ಮೇಲೆ ವೀರಗಲ್ಲು ಬಿದ್ದಿದೆಯಲ್ಲ, ಅಲ್ಲಿಗೇ ಕರ್ಕೊಂಡು ಹೋಗು. ಕಲ್ಲು ತೊಳೀಲಿ, ಒದ್ದೆ ಕಾಗದ ಹಾಸ್ಲಿ, ಬ್ರಷ್ಷಿನಲ್ಲಿ ಬಡೀಲಿ, ಮಸಿ ತಟ್ಟಲಿ. ಬರಿಗಣ್ಣಿಗೆ ಕಾಣದ ಅಕ್ಷರ ಕಪ್ಪು ಕಾಗದದ ಮೇಲೆ ಬೆಳ್ಳಗೆ ಏಳೋದನ್ನ ಮಕ್ಕಳು ನೋಡ್ಲಿ. ಕಾಗದ ಬಡಿಯೋಕೆ ಅವರೂ ಕೈ ಹಾಕ್ಲಿ.

ಶಿಷ್ಯೆ: ಅಷ್ಟಾದ್ರೆ ಉಪನ್ಯಾಸ ಎಲ್ಲಿ ಬಂತು ಸರ್?

ಮೇಷ್ಟ್ರು: ಮಸಿ ಒಣಗೋ ಹೊತ್ತಿನಲ್ಲಿ ಆಡೋ ಮಾತೇ ಉಪನ್ಯಾಸ. ಹಾಗಂತ ಸಭಾಂಗಣದ ಉಪನ್ಯಾಸ ಕೀಳು ಅಂತ ನಾನು ಹೇಳಲ್ಲ. ನೀನು ಎಂಎ ಪರೀಕ್ಷೆಗೆ ಓದಿದ ಇ.ಎಚ್. ಕಾರ್ ಪುಸ್ತಕ ಇದೆಯಲ್ಲ, 'ಇತಿಹಾಸ ಎಂದರೇನು' ಅಂತ, ಅದು 1961ರಲ್ಲಿ ಕೇಂಬ್ರಿಜ್‌ನಲ್ಲಿ ಆತ ಕೊಟ್ಟ ಆರು ಉಪನ್ಯಾಸ. ಅದೇ ವರ್ಷ ಪುಸ್ತಕವೂ ಆಯ್ತು. ಇಷ್ಟು ದೂರ ಯಾಕೆ ಹೋಗಬೇಕು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದ್ರು. 1919ರಲ್ಲಿ ಆ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಟಿತು. ಅದೂ ಒಂದು ಕಾಲೇಜಿನ ಸಂಘವೇ ತಾನೆ? ಅವರು ಆಡಿದ ಮಾತು ಉಳೀತು, ಯಾಕಂದ್ರೆ ಆಡಿದ್ದನ್ನ ಬರೆದಿಟ್ರು. ನಾನು ಬರೀಲಿಲ್ಲ.

ಶಿಷ್ಯೆ: ಸರಿ, ವರದಿಯ ಮೊದಲ ಕಲಂ ಸಿಕ್ತು. ಉಪನ್ಯಾಸಕರು ಏನು ಹೇಳಿದ್ರು, ಮಕ್ಕಳು ಏನು ಕೇಳಿದ್ರು. ಪ್ರಶ್ನೆ ಕೇಳಿದೋರ ಹೆಸರು ಸಮೇತ.

ಮೇಷ್ಟ್ರು: ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದು ಅಂತಲೂ ಬರಿ. ಮುಂದಿನ ವರ್ಷದ ಉಪನ್ಯಾಸಕ್ಕೆ ವಿಷಯ ಹುಡುಕೋ ಕೆಲಸ ಇರೋದಿಲ್ಲ.

ಶಿಷ್ಯೆ: ಚಿತ್ರ ಪ್ರದರ್ಶನಕ್ಕೆ ಮಾತ್ರ ಮಕ್ಕಳು ತಪ್ಪದೆ ಬರ್ತಾರೆ ಸರ್. ಪ್ರೊಜೆಕ್ಟರ್ ಇದೆ, ಪರದೆ ಇದೆ. ಆದರೆ ದೀಪ ಆರಿಸಿದ ಕೂಡ್ಲೆ ಮೊಬೈಲುಗಳು ಹತ್ತಿಕೊಳ್ತವೆ. ಎರಡೂವರೆ ಗಂಟೆ ಸಿನಿಮಾ, ಒಂದು ಗಂಟೆ ಪಿರಿಯಡ್ಡು. ಅರ್ಧಕ್ಕೇ ನಿಲ್ಲಿಸಬೇಕಾಗುತ್ತೆ.

ಮೇಷ್ಟ್ರು: ನಮಗೆ ಪ್ರೊಜೆಕ್ಟರೇ ಒಂದು ಹಬ್ಬ. 16 ಎಂಎಂ ಯಂತ್ರ, ಎರವಲು ತಂದ ರೀಲುಗಳ ಡಬ್ಬ, ಕಿಟಕಿಗೆಲ್ಲ ಕಂಬಳಿ. ಒಂದು ಐತಿಹಾಸಿಕ ಚಿತ್ರ ತರಿಸಿದ್ದೆ. ಮೊದಲ ರೀಲು ಮುಗೀತು, ಮುಂದಿನದು ಹಾಕಿದ್ವಿ. ಸ್ವಲ್ಪ ಹೊತ್ತಿಗೆ ಅದೂ ಮುಗೀತು, ಇನ್ನೊಂದು ಹಾಕಿದ್ವಿ. ಆಗ ಕತ್ತಲಲ್ಲಿ ಒಬ್ಬ ಕೂಗಿದ, "ಸರ್, ಯುದ್ಧದಲ್ಲಿ ಸತ್ತ ಸೇನಾಪತಿ ಮದುವೆ ಮನೇಲಿ ಊಟ ಮಾಡ್ತಿದ್ದಾನೆ!"

ಶಿಷ್ಯೆ: (ನಗುತ್ತ) ರೀಲು ಅದಲುಬದಲು!

ಮೇಷ್ಟ್ರು: ಡಬ್ಬದ ಮೇಲೆ ಚೀಟಿ ಅಂಟಿಸಿದ್ದೋನು ನಾನೇ. ಮಾನ ಹೋಯ್ತು ಅಂದ್ಕೊಂಡೆ. ಆದರೆ ದೀಪ ಹಾಕಿ ಕೇಳಿದೆ, ಸೇನಾಪತಿ ಸತ್ತಿದ್ದು ಬಿಡಿ, ಇದು ಹಿಂದಿನ ರೀಲು ಅನ್ನೋಕೆ ಬೇರೆ ಏನು ಗುರುತು? ಒಬ್ಬ ರಾಜನ ಗಡ್ಡ ಅಂದ. ಒಬ್ಬಳು ರಾಣಿಯ ಓಲೆ ಅಂದಳು, ಮದುವೆಗೆ ಮುಂಚೆ ಬೇರೆ, ಆಮೇಲೆ ಬೇರೆ. ಇನ್ನೊಬ್ಬ ಕೋಟೆ ಬಾಗಿಲು ಈಗ ಮುರಿದಿಲ್ಲ ಅಂದ. ಇಸವಿ ಇಲ್ಲದ ಶಾಸನಕ್ಕೆ ಕಾಲ ಕಟ್ಟೋದು ಹೀಗೇ ಅಲ್ವೇನಮ್ಮಾ? ಒಳಗಿನ ಗುರುತಿನಿಂದ ಹಿಂದು ಮುಂದು ಹೇಳೋದು. ಅದಾದ ಮೇಲೆ ಎರಡು ವರ್ಷ ನಾನು ಬೇಕಂತಲೇ ರೀಲು ತಪ್ಪಿಸಿ ಹಾಕ್ತಿದ್ದೆ.

ಶಿಷ್ಯೆ: ಈಗ ರೀಲು ಇಲ್ಲ. ಇದನ್ನ ಹೇಗೆ ಮಾಡ್ಲಿ?

ಮೇಷ್ಟ್ರು: ಪೂರ್ತಿ ಸಿನಿಮಾ ಬೇಡ. ಇಪ್ಪತ್ತು ನಿಮಿಷ ತೋರಿಸು. ಮೊದಲು ಶಬ್ದ ಬಂದ್ ಮಾಡಿ, ಆಮೇಲೆ ಶಬ್ದದ ಜೊತೆ. ಉಳಿದ ನಲವತ್ತು ನಿಮಿಷ ಅವರು ಮಾತಾಡ್ಲಿ. 'ಮಯೂರ' ಹಾಕು.

ಶಿಷ್ಯೆ: ರಾಜ್‌ಕುಮಾರ್ ಸಿನಿಮಾ! ಅದನ್ನ ಇತಿಹಾಸ ಅಂತ ತೋರಿಸಿದ್ರೆ ನಮ್ಮವರೇ ಆಡ್ಕೋತಾರೆ.

ಮೇಷ್ಟ್ರು: ಇತಿಹಾಸ ಅಂತ ಯಾಕೆ ತೋರಿಸ್ತೀಯ, ಆಕರ ಅಂತ ತೋರಿಸು. ದೇವುಡು ಅವರ ಕಾದಂಬರಿ, 1975ರ ಸಿನಿಮಾ. ಅಲ್ಲಿ ಕದಂಬರ ಮಯೂರ ತಾನು ರಾಜವಂಶದವನು ಅಂತ ಆಮೇಲೆ ತಿಳ್ಕೊಳ್ತಾನೆ. ತಾಳಗುಂದದಲ್ಲೇ ಇರೋ ಇನ್ನೊಂದು, ಕಂಬದ ಶಾಸನ ಹಾಗನ್ನಲ್ಲ. ಅದರಲ್ಲಿ ಅವನು ಓದೋಕೆ ಅಂತ ಗುರುವಿನ ಜೊತೆ ಕಂಚಿಗೆ ಹೋದ ಬ್ರಾಹ್ಮಣ ಹುಡುಗ. ಅಲ್ಲಿ ಪಲ್ಲವರ ಕುದುರೆಯವರ ಜೊತೆ ಜಗಳ ಆಗುತ್ತೆ, ಅವಮಾನ ಆಗುತ್ತೆ, ದರ್ಭೆ ಹಿಡಿಯೋ ಕೈಗೆ ಕತ್ತಿ ಬರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳು. ಸಿನಿಮಾ ಯಾಕೆ ಬದಲಾಯಿಸ್ತು? 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಗಿತ್ತು. ಎರಡು ವರ್ಷ ಕಳೆದು ಬಂದ ಸಿನಿಮಾಕ್ಕೆ ಎಂಥ ನಾಯಕ ಬೇಕಿತ್ತು?

ಶಿಷ್ಯೆ: ಸಿನಿಮಾ ಸುಳ್ಳು, ಶಾಸನ ನಿಜ ಅಂತ ಮಕ್ಕಳು ಬರ್ಕೊಂಡು ಹೋಗ್ತಾರೆ.

ಮೇಷ್ಟ್ರು: ಅಲ್ಲಿಗೆ ಬಿಡಬೇಡ. ಅದೇ ಪ್ರಶ್ನೆ ಶಾಸನಕ್ಕೂ ಹಾಕು. ಶಾಸನ ಬರೆದ ಕವಿ ಕುಬ್ಜ ಮಯೂರನ್ನ ಕಂಡೋನಲ್ಲ. ಅವನ ಕಾಲಕ್ಕೆ ಮಯೂರ ಸತ್ತು ಹತ್ತಿರ ಹತ್ತಿರ ನೂರು ವರ್ಷ. ಬರೆಸಿದ್ದು ಅದೇ ವಂಶದ ಶಾಂತಿವರ್ಮ, ನೆಪ ಅವರಪ್ಪ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಯಾರ ದುಡ್ಡು, ಯಾರ ಕಾಲ, ಯಾರಿಗೆ ತೋರಿಸೋಕೆ? ಆ ಲೆಕ್ಕದಲ್ಲಿ ಕುಬ್ಜನೂ ಒಂದು 'ಮಯೂರ' ತೆಗೆದೋನೇ. ಪರದೆ ಬದಲು ಕಲ್ಲು, ಅಷ್ಟೆ. ಸಿನಿಮಾ ತೋರಿಸೋದು ಯಾಕೆ ಅಂದ್ರೆ, ಸಿನಿಮಾನ ಅನುಮಾನಿಸೋದು ಮಕ್ಕಳಿಗೆ ಸುಲಭ. ಕಲ್ಲನ್ನ ಅನುಮಾನಿಸೋದು ಅಲ್ಲಿಂದ ಕಲೀತಾರೆ.

ಶಿಷ್ಯೆ: ದೇಶವಿಭಜನೆ ಪಾಠಕ್ಕೆ 'ಗರಂ ಹವಾ' ಅಂದ್ಕೊಂಡಿದ್ದೆ. ಭಾಷೆ ಬರಲ್ಲ ಅಂತ ಮಕ್ಕಳು ಗೊಣಗಿದ್ರು.

ಮೇಷ್ಟ್ರು: ಹಾಕು, ಹಾಕು. ಅದರ ನಿರ್ದೇಶಕ ಎಂ.ಎಸ್. ಸತ್ಯು ನಮ್ಮ ಮೈಸೂರಿನೋರು ಅಂತ ಮೊದಲು ಹೇಳು. ಆಗ್ರಾದ ಬೀದಿಯಲ್ಲಿ ಚಿತ್ರೀಕರಣಕ್ಕೆ ವಿರೋಧ ಎದ್ದಾಗ, ಫಿಲಂ ಇಲ್ಲದ ಖಾಲಿ ಕ್ಯಾಮೆರಾ ಕೊಟ್ಟು ಒಂದು ತಂಡಾನ ಬೇರೆ ಕಡೆ ಕಳಿಸಿ, ಗಲಾಟೆ ಅತ್ತ ಹೋದ ಮೇಲೆ ಇತ್ತ ಚಿತ್ರ ತೆಗೆದ್ರಂತೆ. ಮಕ್ಕಳು ಕಿವಿ ನೆಟ್ಟಗೆ ಮಾಡ್ತಾರೆ. ಆಮೇಲೆ ಆ ಅಜ್ಜಿ ಇರೋ ಭಾಗ ತೋರಿಸು. ಮನೆ ಕೈತಪ್ಪಿ ಎಲ್ಲರೂ ಹೊರಡುವಾಗ ಮುದುಕಿ ಸೌದೆ ಕೋಣೇಲಿ ಬಚ್ಚಿಟ್ಕೊಳ್ತಾಳೆ. ಅದಕ್ಕೆ ಭಾಷೆ ಬೇಕಾ? ಶರಾವತಿ ಹಿನ್ನೀರಿಗೆ ಮನೆ ಬಿಟ್ಟು ಬಂದೋರ ಮೊಮ್ಮಕ್ಕಳು ನಿನ್ನ ತರಗತಿಯಲ್ಲಿಲ್ವಾ?

ಶಿಷ್ಯೆ: ಇದ್ದಾರೆ. ಮೂರು ಜನ.

ಮೇಷ್ಟ್ರು: ಅವರನ್ನ ಮಾತಾಡೋಕೆ ಬಿಡು. ಹಾಗಂತ ಎರಡೂ ಒಂದೇ ಅನ್ನಬೇಡ. ಅಲ್ಲಿ ಗಡಿ, ಇಲ್ಲಿ ನೀರು. ಕಾರಣ ಬೇರೆ, ಗಾಯ ಬೇರೆ. ಆ ವ್ಯತ್ಯಾಸ ಹೇಳೋದೇ ನಿನ್ನ ಪಾಠ.

ಶಿಷ್ಯೆ: ಉಪನ್ಯಾಸ ಆಯ್ತು, ಸಿನಿಮಾ ಆಯ್ತು. ಇನ್ನು ಸ್ವಾಗತ ಸಮಾರಂಭ, ಬೀಳ್ಕೊಡುಗೆ, ಊಟ, ಪ್ರವಾಸ. ಇದನ್ನ ಏನಂತ ಸಮರ್ಥಿಸಲಿ? ಪ್ರಾಂಶುಪಾಲರು ಇದೆಲ್ಲ ದಂಡ ಖರ್ಚು ಅಂತಾರೆ.

ಮೇಷ್ಟ್ರು: ಊಟವೇ ನಮ್ಮ ನಾಡಿನ ದೊಡ್ಡ ಆಕರ ಕಣಮ್ಮ. ಮೈಸೂರು, ಬೆಂಗಳೂರು, ಧಾರವಾಡದ ಹಳೇ ಹಾಸ್ಟೆಲುಗಳ ಹೆಸರು ನೋಡು, ಒಂದೊಂದು ಸಮುದಾಯದ್ದು ಒಂದೊಂದು. ತರಗತಿಯಲ್ಲಿ ಒಂದೇ ಬೆಂಚು, ಊಟಕ್ಕೆ ಬೇರೆ ಬೇರೆ ಪಂಕ್ತಿ. ಆ ಹಾಸ್ಟೆಲುಗಳಿಲ್ಲದಿದ್ರೆ ಎಷ್ಟೋ ಬಡ ಹುಡುಗರಿಗೆ ಓದೇ ಇರ್ತಿರಲಿಲ್ಲ, ಅದೂ ನಿಜ. ಈ ಎರಡು ನಿಜಾನೂ ಪುಸ್ತಕದಲ್ಲಿ ಓದಿದ್ರೆ ಒಂದು ಪ್ಯಾರಾ. ನಮ್ಮ ವಿಭಾಗದ ಊಟದಲ್ಲಿ ನಿಂತು ನೋಡಿದ್ರೆ ಗೊತ್ತಾಗುತ್ತೆ, ಯಾರು ಯಾರ ಪಕ್ಕ ಕೂರ್ತಾರೆ, ಯಾರು ಡಬ್ಬಿ ಮುಚ್ಚಿ ತಿಂತಾರೆ, ಯಾರು ಬಡಿಸ್ತಾರೆ.

ಶಿಷ್ಯೆ: ಹುಡುಗೀರೇ ಬಡಿಸ್ತಾರೆ. ಹುಡುಗರು ಮೊದಲ ಪಂಕ್ತಿ.

ಮೇಷ್ಟ್ರು: ಈ ಸಲ ತಿರುಗಿಸು. ಭಾಷಣ ಬೇಡ, ಸೌಟು ಹುಡುಗರ ಕೈಗೆ ಕೊಡು, ಸಾಕು. ಅದಿರಲಿ, ಬೀರುವಿನಲ್ಲಿ ಗ್ರೂಪ್ ಫೋಟೊ ಸಿಕ್ತು ಅಂದ್ಯಲ್ಲ, ಯಾವುದು?

ಶಿಷ್ಯೆ: 1987-88ರದ್ದು. ನೀವು ನಡುವೆ ಕೂತಿದ್ದೀರಿ, ತಲೆ ತುಂಬ ಕೂದಲು. ಕೆಳಗೆ ಕೂತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ ಅಂತ ಎಲ್ಲರ ಹೆಸರೂ ಇದೆ. ಬಲತುದಿಯಲ್ಲಿ ಖಾಕಿ ಅಂಗಿ ಹಾಕಿದೋರು ಒಬ್ಬರಿದ್ದಾರೆ. ಅವರ ಹೆಸರು ಮಾತ್ರ ಇಲ್ಲ.

ಮೇಷ್ಟ್ರು: ಅಟೆಂಡರ್. ಕಿಟಕಿಗೆ ಕಂಬಳಿ ಕಟ್ಟಿದ್ದು ಅವನೇ, ರೀಲು ಸುತ್ತಿದ್ದು ಅವನೇ, ಪ್ರತಿ ಕಾರ್ಯಕ್ರಮದಲ್ಲೂ ಚಹಾ ಲೋಟ ತೊಳೆದೋನೂ ಅವನೇ. ಅವನ ಹೆಸರು ನೆನಪಿದೆ ನನಗೆ. ಹುಡುಗನ ಹೆಸರು ಮರೆತೆ, ಇವನದು ಮರೀಲಿಲ್ಲ. ಆದರೂ ಬರೆಸಲಿಲ್ಲ.

ಶಿಷ್ಯೆ: ಹೋದ ವರ್ಷ ಬಳ್ಳಿಗಾವೆಗೆ ಪ್ರವಾಸ ಹೋದಾಗ ಒಬ್ಬಳು ಕೇಳಿದಳು ಸರ್, "ಮ್ಯಾಮ್, ಈ ಗುಡಿ ಕಟ್ಟಿಸಿದೋರ ಹೆಸರು ಎಲ್ಲಾ ಹೇಳ್ತೀರಿ, ಕಟ್ಟಿದೋರ ಹೆಸರು?" ಅಂತ. ನಾನು ಬಳ್ಳಿಗಾವೆಯ ದಾಸೋಜನ ವಿಷಯ ಹೇಳಿದೆ. ಇಲ್ಲಿಂದ ಬೇಲೂರಿಗೆ ಹೋಗಿ ಚೆನ್ನಕೇಶವ ಗುಡಿಯ ಶಿಲ್ಪದ ಕೆಳಗೆ ತನ್ನ ಹೆಸರು ಕೆತ್ತಿದ, ಮಗ ಚಾವಣನೂ ಕೆತ್ತಿದ ಅಂತ.

ಮೇಷ್ಟ್ರು: ನೋಡು, ಹನ್ನೆರಡನೇ ಶತಮಾನದ ಕಲ್ಲುಕುಟಿಗನಿಗೆ ಇದ್ದ ಬುದ್ಧಿ ಎಂಎ ಓದಿದ ನನಗೆ ಇರಲಿಲ್ಲ. ಕುಬ್ಜ ಕೂಡ ಶಾಸನದ ಕೊನೇಲಿ ತನ್ನ ಹೆಸರು ಬಿಟ್ಟಿಲ್ಲ. ಆ ಹುಡುಗಿ ಪ್ರಶ್ನೆ ನಿನ್ನ ಪ್ರವಾಸದ ವರದಿಯಲ್ಲಿ ಇದೆಯಾ?

ಶಿಷ್ಯೆ: ಇಲ್ಲ. "ವಿದ್ಯಾರ್ಥಿಗಳು ಶಿಲ್ಪಕಲೆಯನ್ನು ವೀಕ್ಷಿಸಿ ಸಂತಸಪಟ್ಟರು" ಅಂತ ಇದೆ.

ಮೇಷ್ಟ್ರು: ಇಬ್ಬರದೂ ಒಂದೇ ಹಣೆಬರಹ. ತಡಿ, ಈ ಕರಡಿನಲ್ಲಿ ಒಂದು ಹುಡುಕ್ತಿದ್ದೀನಿ. ಸ್ವಾಗತ ವಿಭಾಗದ ಮುಖ್ಯಸ್ಥರು. ಪ್ರಾಸ್ತಾವಿಕ ಇನ್ನೊಬ್ಬರು. ವಂದನೆ ಮತ್ತೊಬ್ಬರು. ಅತಿಥಿಗಳಿಗೆ ಫೋನು ಮಾಡೋಳು ನೀನು, ಫ್ಲೆಕ್ಸ್ ಬರೆಸೋಳು ನೀನು, ಬಿಸಿಲಲ್ಲಿ ನನ್ನ ಮನೆ ತನಕ ಬಂದೋಳು ನೀನು. ಇದರಲ್ಲಿ ನಿನ್ನ ಹೆಸರೆಲ್ಲಿ?

ಶಿಷ್ಯೆ: ಅತಿಥಿ ಉಪನ್ಯಾಸಕರ ಹೆಸರು ಹಾಕೋ ಪದ್ಧತಿ ಇಲ್ಲ ಸರ್. ಮುಂದಿನ ವರ್ಷ ಇರ್ತೀವೋ ಇಲ್ವೋ.

ಮೇಷ್ಟ್ರು: ಅತಿಥಿ ಅಂತ ಹೆಸರಿಟ್ಟು ಹೆಸರೇ ಹಾಕದ ಮನೆ ಇದೊಂದೇ ಇರಬೇಕು. ಪೆನ್ನು ಕೊಡು ಇಲ್ಲಿ.

ಶಿಷ್ಯೆ: ಬೇಡ ಸರ್, ಮುಖ್ಯಸ್ಥರು ತಪ್ಪು ತಿಳ್ಕೊಳ್ತಾರೆ.

ಮೇಷ್ಟ್ರು: ನಾನು ಹೇಳ್ತೀನಿ ಅವರಿಗೆ. ಅವರೂ ನನ್ನ ಕೈಯಲ್ಲಿ ಓದಿದೋರೇ. ಉದ್ಘಾಟಕರ ಷರತ್ತು ಅಂತ ಬರ್ಕೊಳ್ಳಲಿ. ಒಂದು, ವೇದಿಕೆ ಮೇಲೆ ಎರಡೇ ಕುರ್ಚಿ: ಶಾಸನತಜ್ಞರಿಗೊಂದು, ಪ್ರಶ್ನೆ ಕೇಳೋಕೆ ಮೇಲೆ ಬರೋ ವಿದ್ಯಾರ್ಥಿಗೊಂದು. ನಾನು ಕೆಳಗೆ ಕೂರ್ತೀನಿ. ಎರಡು, ಶಾಲು ಹಾರದ ದುಡ್ಡಿನಲ್ಲಿ ಮಸಿ, ಕಾಗದ, ಬ್ರಷ್ಷು. ಮೂರು, ಶುರು ಮಾಡೋದು ಬೆಳಿಗ್ಗೆ, ಮೂರೂವರೆ ಬಸ್ಸಿಗೆ ಯಾರೂ ಓಡೋದು ಬೇಡ. ನಾಲ್ಕು, ಆಹ್ವಾನ ಪತ್ರಿಕೆಯ ಕೊನೇಲಿ ಕಾರ್ಯಕ್ರಮ ಸಂಘಟಿಸಿದೋರ ಹೆಸರು, ಚಹಾ ಮಾಡೋರ ಹೆಸರು.

ಶಿಷ್ಯೆ: ನ್ಯಾಕ್‌ನೋರು ಚಹಾ ಮಾಡಿದೋರ ಹೆಸರು ನೋಡಿ ಏನಂತಾರೋ.

ಮೇಷ್ಟ್ರು: ಏನೂ ಅನ್ನಲ್ಲ. ಅವರು ಫೋಟೊ ಕೇಳ್ತಾರೆ, ಕೊಡು. ಸಹಿ ಕೇಳ್ತಾರೆ, ಕೊಡು. ವರದಿಯಲ್ಲಿ ಪ್ರಶ್ನೆ ಬರೀಬೇಡ ಅಂತ ಯಾವ ನಿಯಮದಲ್ಲೂ ಇಲ್ಲ. ದುಡಿದೋರ ಹೆಸರು ಬರೀಬೇಡ ಅಂತಲೂ ಇಲ್ಲ. ಅವರಿಗೆ ಬೇಕಾದ ಕಡತದ ಒಳಗೇ ನಮಗೆ ಬೇಕಾದ ಕಡತವೂ ಹಿಡಿಸುತ್ತೆ.

ಶಿಷ್ಯೆ: ಹಾಗಾದ್ರೆ ಮೊದಲ ಪುಟಕ್ಕೆ ಈಗಲೇ ಬರೀತೀನಿ. ಆ 87-88ರ ಫೋಟೊದ ಬಲತುದಿಯೋರ ಹೆಸರು ಹೇಳಿ ಸರ್.

ಮೇಷ್ಟ್ರು ಹೇಳಿದರು. ಅವಳು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡಳು. ಆಮೇಲೆ ಕರಡಿನ ಕೆಳಗೆ, 'ಸರ್ವರಿಗೂ ಆದರದ ಸ್ವಾಗತ' ಎಂಬ ಸಾಲನ್ನು ಹೊಡೆದು ಹಾಕಿ ಮೇಷ್ಟ್ರೇ ತಮ್ಮ ಕೈಯಾರೆ ಮೂರು ಸಾಲು ಸೇರಿಸಿದರು: ಬರುವಾಗ ಒಂದು ಪ್ರಶ್ನೆ ತನ್ನಿ. ನಿಮ್ಮ ಮನೆಯ ಅಟ್ಟದಲ್ಲಿ ಏನಾದರೂ ಹಳೆಯದಿದ್ದರೆ ಅದನ್ನೂ ತನ್ನಿ. ಬೆವರಿದ ಕೈಯಲ್ಲಿ ಮುಟ್ಟಬೇಡಿ.